ಸೊನ್ನೆ ಹೆಜ್ಜೆ

ಮೊದಲ ದಿನ ಬೆಳಿಗ್ಗೆ ಎಂಟು ಗಂಟೆಗೆ ನಾನು ಕೊಪ್ಪದ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಚೆಲ್ಲುತ್ತಾ ನಿಂತಿದ್ದೆ. ನಮ್ಮ ಕಡೆ ಈ ಆಟ ಶುರುವಾಗುವುದೇ ಪಾಚಿಯಿಂದ. ಮಳೆಗಾಲ ಮುಗಿದು ತಿಂಗಳಾದರೂ ಸಿಮೆಂಟು ಹಸಿರಾಗಿಯೇ ಇರುತ್ತದೆ. ತಿಕ್ಕದೆ ಬಿಟ್ಟರೆ ಮಕ್ಕಳ ಹಲ್ಲು ಉಳಿಯುವುದಿಲ್ಲ. ನಾನು ಮತ್ತು ಕಡಹಿನಬೈಲಿನಿಂದ ಬಂದಿದ್ದ ಇನ್ನೊಬ್ಬ ರೆಫರಿ ಸೇರಿ ಒಂದು ಗಂಟೆ ತಿಕ್ಕಿದೆವು. ಅವನೂ ನನ್ನ ಹಾಗೆ ಪಿ.ಟಿ. ಮೇಷ್ಟ್ರು, ಎನ್.ಆರ್.ಪುರ ತಾಲೂಕಿನವನು. ಇಬ್ಬರಿಗೂ ನಿವೃತ್ತಿ ಹತ್ತಿರ. "ಎಂತಕ್ಕೆ ಮಾರಾಯ ಈ ವಯಸ್ಸಲ್ಲಿ ನಮಗೆ ಇದು?" ಎಂದು ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದ. ಹಿಂದಿನ ವಾರವಿಡೀ ನಾನು ಮತದಾರರ ಪಟ್ಟಿ ಹಿಡಿದು ಮನೆಮನೆ ಅಲೆದಿದ್ದೆ. ಬಲ ಮಂಡಿ ಹಿಡಿದುಕೊಂಡಿತ್ತು.

ಕೆಲಸ ಮೂರು ದಿನದ್ದು. ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಈ ಮೂರು ತಾಲೂಕಿನ ಪ್ರೌಢಶಾಲೆ ಹುಡುಗಿಯರಲ್ಲಿ ಹನ್ನೆರಡು ಜನರನ್ನು ಆರಿಸಬೇಕು. ಮೊದಲೆರಡು ದಿನ ನಾವು ಅವರನ್ನು ತಂಡ ಮಾಡಿ ಆಡಿಸಿ, ಒಬ್ಬೊಬ್ಬರ ಆಟಕ್ಕೆ ಹಾಳೆಯಲ್ಲಿ ಮಾರ್ಕು ಬರೆದು, ಪಟ್ಟಿ ಮಾಡುವುದು. ಮೂರನೇ ದಿನ ಜಿಲ್ಲೆಯಿಂದ ಆಯ್ಕೆಗಾರರೊಬ್ಬರು ಬಂದು ಆ ಹನ್ನೆರಡು ಜನರ ಆಟ ನೋಡಿ ಸಹಿ ಹಾಕುವುದು. ಪಟ್ಟಿಯಲ್ಲಿ ಉಳಿದವರಿಗೆ ಕ್ರೀಡಾ ಹಾಸ್ಟೆಲಿನ ಪರೀಕ್ಷೆಗೆ ಕರೆ ಬರುತ್ತದೆ. ಅಲ್ಲಿ ಸೀಟು ಸಿಕ್ಕಿದರೆ ಊಟ, ವಸತಿ, ಓದು, ಆಟ ಎಲ್ಲ ಒಂದೇ ಕಡೆ. ಸಿಗದಿದ್ದರೆ ಹತ್ತನೇ ಕ್ಲಾಸು ಮುಗಿದ ಮೇಲೆ ನಮ್ಮ ಕಡೆಯ ಹುಡುಗಿ ಮತ್ತೆ ಬಾಲು ಮುಟ್ಟುವುದು ಕನಸಿನ ಮಾತು.

ನಿಯಮದ ವಿಷಯಕ್ಕೆ ಬಂದರೆ ಮೂರು ತಾಲೂಕಿಗೂ ನಾನೇ ಪುಸ್ತಕ. ಜಂಬಕ್ಕೆ ಹೇಳುತ್ತಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕನ್ನಡದಲ್ಲಿ ಬ್ಯಾಸ್ಕೆಟ್‌ಬಾಲ್ ನಿಯಮ ನನಗೆ ಎಲ್ಲೂ ಸಿಕ್ಕಿರಲಿಲ್ಲ. ಇಂಗ್ಲಿಷ್ ಪುಸ್ತಕ ಎದುರಿಗಿಟ್ಟುಕೊಂಡು ಒಂದು ಬೇಸಿಗೆ ರಜೆಯಿಡೀ ಕೂತು ನಲವತ್ತು ಪುಟದ ನೋಟ್ಸ್ ಬರೆದಿದ್ದೆ. ಇಲ್ಲಿಯ ಪಿ.ಟಿ. ಮೇಷ್ಟ್ರುಗಳು, ಟೀಚರುಗಳು ಕಲಿತದ್ದೆಲ್ಲ ಅದರ ಜೆರಾಕ್ಸಿನಿಂದ, ಆ ಜೆರಾಕ್ಸಿನ ಜೆರಾಕ್ಸಿನಿಂದ. ನನ್ನ ಅಕ್ಷರ ಈಗ ಅದರಲ್ಲಿ ಅಲ್ಲಲ್ಲಿ ಅಳಿಸಿಯೇ ಹೋಗಿದೆ. ಆದರೂ "ಮೇಷ್ಟ್ರ ನೋಟ್ಸಲ್ಲಿ ಹಂಗಿದೆ" ಅಂದರೆ ಯಾವ ಜಗಳವೂ ಅಲ್ಲಿಗೆ ಮುಗಿಯುತ್ತಿತ್ತು. ಅದನ್ನು ಕೇಳುವುದು ನನಗೂ ಇಷ್ಟವಾಗಿತ್ತು ಅನ್ನಿ.

ಶೃಂಗೇರಿ ಕಡೆಯ ಬೇಗಾರಿನ ಹುಡುಗಿಯನ್ನು ನಾನು ಮೊದಲು ನೋಡಿದ್ದು ಆ ದಿನ ಹನ್ನೊಂದರ ಸುಮಾರಿಗೆ. ಹತ್ತನೇ ಕ್ಲಾಸು. ಅಲ್ಲಿದ್ದವರಲ್ಲೆಲ್ಲ ಎತ್ತರ. ನಮ್ಮ ಕಾಲದಲ್ಲಿ ಎತ್ತರದವರಿಗೆ ಒಂದೇ ಜಾಗ. ರಿಂಗಿನ ಕೆಳಗೆ ನಿಲ್ಲು, ಬಾಲು ಬಂದರೆ ಹಾಕು, ಬಾರದಿದ್ದರೆ ತಳ್ಳಿಸಿಕೊಂಡು ನಿಂತಿರು. ನಾನು ಕಲಿತದ್ದೂ ಅದೇ, ಕಲಿಸಿದ್ದೂ ಅದೇ. ಈ ಹುಡುಗಿ ಹಾಗೆ ನಿಲ್ಲಲೇ ಇಲ್ಲ. ಅರ್ಧ ಕೋರ್ಟಿನಿಂದ ತಾನೇ ಬಾಲು ನೆಲಕ್ಕೆ ಕುಟ್ಟುತ್ತಾ ಡ್ರಿಬಲ್ ಮಾಡಿಕೊಂಡು ಬಂದಳು. ರಿಂಗಿನ ಹತ್ತಿರ ಹಿರೇಕೊಡಿಗೆಯ ಗಟ್ಟಿಗಿತ್ತಿಯೊಬ್ಬಳು ಕೈ ಚಾಚಿ ಅಡ್ಡ ನಿಂತಿದ್ದಳು. ಬೇಗಾರಿನವಳು ಓಡುತ್ತಲೇ ಬಾಲನ್ನು ಎರಡೂ ಕೈಗೆ ತಗೊಂಡಳು. ಬಲಕ್ಕೊಂದು ಉದ್ದ ಹೆಜ್ಜೆ ಹಾಕಿದಳು. ಅಡ್ಡ ನಿಂತವಳು ಆ ಕಡೆ ವಾಲಿದ್ದೇ ತಡ, ಎಡಕ್ಕೆ ಇನ್ನೊಂದು. ಬಾಲು ಬೋರ್ಡಿಗೆ ತಾಗಿ ಒಳಗೆ ಬಿತ್ತು.

ಸುತ್ತ ನಿಂತವರು ಚಪ್ಪಾಳೆ ಹೊಡೆದರು. ನಾನು ಸೀಟಿ ಊದಿದೆ.

ಬಾಲು ಕೈಗೆ ಬಂದಾಗ ಅವಳ ಎಡಗಾಲು ನೆಲದ ಮೇಲಿತ್ತು. ಅದು ಒಂದು. ಆಮೇಲೆ ಬಲಗಾಲು, ಎರಡು. ಮತ್ತೆ ಎಡಗಾಲು, ಮೂರು. ಬಾಲು ಹಿಡಿದು ಮೂರು ಹೆಜ್ಜೆ ಇಟ್ಟರೆ ಟ್ರಾವೆಲಿಂಗ್ ಎಂಬ ತಪ್ಪು. ಬಾಲು ಎದುರಿನ ತಂಡಕ್ಕೆ ಹೋಗುತ್ತದೆ, ಹಾಕಿದ ಪಾಯಿಂಟೂ ಲೆಕ್ಕಕ್ಕಿಲ್ಲ. ನಾನು ಎರಡೂ ಮುಷ್ಟಿ ಗರಗರ ತಿರುಗಿಸಿ ಸನ್ನೆ ಮಾಡಿದೆ.

"ಎಲ್ಲಿ ಕಲಿತೆ ಇದನ್ನ?" ಎಂದೆ.

"ಮೊಬೈಲಲ್ಲಿ ಸರ್. ಅಮೆರಿಕದ ಲೀಗಲ್ಲಿ ಬೇರೆ ದೇಶದವ್ರು ಬಂದು ಆಡ್ತಾರಲ್ಲ, ಅವರದ್ದು."

"ಅಮೆರಿಕ ಅಲ್ಲೇ ಇರ್ಲಿ. ಇದು ಕೊಪ್ಪ."

ಎಲ್ಲರೂ ನಕ್ಕರು. ಅವಳೂ ಸ್ವಲ್ಪ ನಕ್ಕಳು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮಂಡಿನೋವಿನಲ್ಲಿ ಅದೊಂದು ಸುಖ.

ಆ ಹೆಜ್ಜೆಯನ್ನು ಅವಳು ಆ ದಿನ ಇನ್ನೂ ನಾಲ್ಕು ಸಲ ಹಾಕಿದಳು. ನಾಲ್ಕು ಸಲವೂ ಊದಿದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ಹಾಗೆ. ಸಹಾಯಕ್ಕೆ ಕೂತಿದ್ದವರು ಪ್ರತಿ ಸಲವೂ ಅವಳ ಹೆಸರಿನ ಮುಂದೆ "ತಪ್ಪು" ಎಂಬ ಕಾಲಮ್ಮಿನಲ್ಲಿ ಒಂದೊಂದು ಗೀಟು ಎಳೆದರು. ಅವಳೊಬ್ಬಳೇ ಅಲ್ಲ, ಅಲ್ಲಿದ್ದ ಹುಡುಗಿಯರೆಲ್ಲ ಏನಾದರೊಂದು ಮೊಬೈಲಿನದ್ದು ಮಾಡುತ್ತಲೇ ಇದ್ದರು. ಒಬ್ಬಳು ಮುಂದೆ ನುಗ್ಗುವ ಹಾಗೆ ಮಾಡಿ ಹಿಂದಕ್ಕೆ ಜಿಗಿದು ಬಾಲು ಎಸೆಯುವುದು, ಇನ್ನೊಬ್ಬಳು ಒಂದು ಕಡೆ ನೋಡುತ್ತಾ ಇನ್ನೊಂದು ಕಡೆ ಪಾಸ್ ಕೊಡುವುದು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಕಡಹಿನಬೈಲಿನವನಂತೂ "ನಾವು ಯಾವ ಆಟಕ್ಕೆ ರೆಫರಿ ಮಾರಾಯ?" ಎಂದು ತಲೆ ಕೆರೆದುಕೊಂಡ.

ಮಧ್ಯಾಹ್ನ ಚಿತ್ರಾನ್ನದ ತಟ್ಟೆ ಹಿಡಿದು ಕಟ್ಟೆಯ ಮೇಲೆ ಕೂತಿದ್ದಾಗ ಆ ಹುಡುಗಿಯ ಟೀಚರು ಪಕ್ಕಕ್ಕೆ ಬಂದಳು. ಈಕೆ ಶೃಂಗೇರಿ ಕಡೆಯ ಶಾಲೆಯಲ್ಲಿ ಪಿ.ಟಿ. ಟೀಚರು. ಹಿಂದೆ ಕೊಪ್ಪದಲ್ಲಿ ನನ್ನ ಕೈಯಲ್ಲೇ ಆಟ ಕಲಿತವಳು. ಹುಡುಗಿಯ ತಾಯಿ ಬೇಗಾರಿನಲ್ಲಿ ಬಟ್ಟೆ ಹೊಲಿಯುವವರು ಎಂದಳು. ಇದೊಂದು ಸಲ ಆಗಿಬಿಟ್ಟರೆ ಹಾಸ್ಟೆಲ್ಲು, ಆಗದಿದ್ದರೆ ಬಾಲು ಸಾಕು, ತನ್ನ ಜೊತೆ ಹೊಲಿಗೆಗೆ ಕೂರಲಿ ಎಂದಿದ್ದರಂತೆ. ವಯಸ್ಸಿನ ಲೆಕ್ಕದಲ್ಲಿ ಹುಡುಗಿಗೆ ಇದೇ ಕೊನೆಯ ವರ್ಷ.

"ಹಂಗಾದ್ರೆ ಆ ಸರ್ಕಸ್ ಬಿಡು ಅಂತ ಹೇಳು ಅವಳಿಗೆ" ಎಂದೆ.

"ಸರ್, ಆ ಹೆಜ್ಜೆ..."

"ಎಂತ ಹೆಜ್ಜೆ?"

ಅವಳು ತಟ್ಟೆಯಲ್ಲಿದ್ದ ಕಡಲೆಬೀಜ ಬದಿಗೆ ಸರಿಸಿದಳು. "ಎಂತ ಇಲ್ಲ ಸರ್" ಎಂದು ಎದ್ದು ಕೈ ತೊಳೆಯಲು ಹೋದಳು.

ಎರಡನೇ ದಿನ ಬೇಗಾರಿನ ಹುಡುಗಿ ಸರ್ಕಸ್ ಬಿಟ್ಟಿದ್ದಳು. ಅದರ ಜೊತೆ ಆಟವನ್ನೂ ಬಿಟ್ಟಿದ್ದಳು. ರಿಂಗಿನ ಕೆಳಗೆ ಹೋಗಿ ನಿಂತಳು. ಬಾಲು ಕೈಗೆ ಬಂದರೆ ಕೆಂಡ ಬಂದ ಹಾಗೆ ಪಕ್ಕದವಳಿಗೆ ದಾಟಿಸಿಬಿಡುತ್ತಿದ್ದಳು. ನುಗ್ಗಲು ದಾರಿ ಬಿಟ್ಟಿದ್ದರೂ ನುಗ್ಗಲಿಲ್ಲ. ಒಮ್ಮೆ ಮಾತ್ರ ಡ್ರಿಬಲ್ ಮಾಡಿಕೊಂಡು ನಾಲ್ಕು ಮಾರು ಬಂದವಳು ನನ್ನ ಕಡೆ ತಿರುಗಿ ನೋಡಿ ಪಾಸ್ ಕೊಟ್ಟಳು. ನಾನು ಅದನ್ನು ಶಿಸ್ತು ಅಂದುಕೊಂಡೆ. ಆ ದಿನ ಸೀಟಿ ಕಡಿಮೆ, ಓಟ ಕಡಿಮೆ. ನನ್ನ ಮಂಡಿಗೂ ಆರಾಮಾಗಿತ್ತು.

ಮೂರು ಗಂಟೆಗೆ ಹಾಳೆಗಳನ್ನು ಕೂಡಿಸಿ ಪಟ್ಟಿ ಮಾಡಿದೆವು. ಎರಡನೇ ದಿನ ಅವಳು ಹಾಕಿದ ಪಾಯಿಂಟು ಕಡಿಮೆ, ಮೊದಲ ದಿನದ ತಪ್ಪು ಐದು. ಹಾಳೆ ಹೇಳಿದ ಹಾಗೆ ಬರೆದೆವು, ಹನ್ನೆರಡರಲ್ಲಿ ಅವಳಿರಲಿಲ್ಲ. ನಾನೇ ಎದ್ದು ನಿಂತು ಓದಿದೆ. ಹೆಸರು ಬಂದವರು ಕುಣಿದರು. ಅವಳು ಬಗ್ಗಿ ಶೂ ಲೇಸ್ ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿದಳು.

ನಾನು ಹಾಳೆ ಮಡಚುತ್ತಿದ್ದಾಗ ಟೀಚರು ಸೀದಾ ನನ್ನೆದುರು ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ಸರ್, ಬೈದ್ರೂ ಅಡ್ಡಿಲ್ಲ. ನೀವು ಊದಿದ್ದು ಹಳೇ ನಿಯಮ."

"ನಂಗೆ ನಿಯಮ ಹೇಳ್ಕೊಡಕ್ಕೆ ಬಂದ್ಯಾ?"

"ಓದಿ ಸರ್" ಎಂದು ಮೊಬೈಲು ಚಾಚಿದಳು.

ಕನ್ನಡಕ ಹುಡುಕಿ ಹಾಕಿಕೊಂಡು ಓದಿದೆ. ನಿಯಮದ ಪುಸ್ತಕವೇ ಅದು, ಅಂತರರಾಷ್ಟ್ರೀಯ ಸಂಸ್ಥೆಯದ್ದು. ಓಡುತ್ತಿರುವಾಗ ಬಾಲು ಕೈಗೆ ತಗೊಂಡರೆ, ಆ ಕ್ಷಣ ನೆಲದ ಮೇಲಿರುವ ಕಾಲು ಲೆಕ್ಕಕ್ಕಿಲ್ಲ. ಅದರ ನಂತರ ಎರಡು ಹೆಜ್ಜೆ ಇಡಬಹುದು. ಇಂಗ್ಲಿಷು ಸರಳವಾಗಿಯೇ ಇತ್ತು. ಆದರೂ ಮೂರು ಸಲ ಓದಿದೆ. ಅವಳು ಎಡ, ಬಲ, ಎಡ ಎಂದು ನನ್ನೆದುರಿಗೇ ನಡೆದು ತೋರಿಸಿದಳು. ಮೊದಲನೆಯದು ಸೊನ್ನೆ. ಆಮೇಲೆ ಒಂದು, ಎರಡು. ಬೇಗಾರಿನ ಹುಡುಗಿ ಐದಕ್ಕೆ ಐದು ಸಲವೂ ಸರಿಯಾಗಿಯೇ ಹಾಕಿದ್ದಳು.

ಆಗ ಟೀಚರು ಹೇಳಿದ್ದನ್ನು ನಾನು ಅಡ್ಡ ಮಾತಾಡದೆ ಕೇಳಿದೆ. ಆಟ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿಯ ದುಡ್ಡಿನ ಲೀಗಿನಲ್ಲಿ ಬಹಳ ಕಾಲ ಅವರೇ ಆಡಿ, ಅವರೇ ಗೆದ್ದುಕೊಂಡಿದ್ದರು. ಆಮೇಲೆ ಯುರೋಪಿನಿಂದ, ಆಫ್ರಿಕದಿಂದ, ಭೂಪಟದಲ್ಲಿ ಬೆರಳಿಟ್ಟು ಹುಡುಕಬೇಕಾದಂಥ ದೇಶಗಳಿಂದ ಆಟಗಾರರು ಬಂದರು. ಯುರೋಪಿನವರು ಈ ಬಲಕ್ಕೊಂದು ಎಡಕ್ಕೊಂದು ಹೆಜ್ಜೆ ತಂದರು. ಅವರಲ್ಲಿ ಎತ್ತರದವನೂ ರಿಂಗಿನ ಕೆಳಗೆ ನಿಲ್ಲುವುದಿಲ್ಲ, ಗಿಡ್ಡವನ ಹಾಗೆ ಪಾಸ್ ಕೊಡುತ್ತಾನೆ, ದೂರದಿಂದ ಬಾಲು ಹಾಕುತ್ತಾನೆ. ಈಗ ಅಲ್ಲಿಯ ದೊಡ್ಡ ಬಹುಮಾನಗಳು ಹೋಗುತ್ತಿರುವುದೂ ಹೆಚ್ಚಾಗಿ ಈ ಹೊರಗಿನವರಿಗೇ.

"ಅಲ್ಲಿಯ ನಿಯಮ ಬೇರೆ, ಉಳಿದ ದೇಶದ್ದು ಬೇರೆ ಇತ್ತಲ್ಲ ಸರ್. ಆಟಗಾರರು ಆಚೆ ಈಚೆ ಓಡಾಡ್ತಾ ಓಡಾಡ್ತಾ ಎರಡೂ ಹತ್ರ ಬಂತು. ಹಂಗಾಗಿ ಪುಸ್ತಕದಲ್ಲೂ ಬರೆದ್ರು. ನಮ್ಮ ಕೂಸು ಮೊಬೈಲ್ ನೋಡಿ ಕುಣಿದಿದ್ದಲ್ಲ ಸರ್. ಒಂದು ವರ್ಷ ಶಾಲೆ ಜಗಲಿಯಲ್ಲಿ ಸೀಮೆಸುಣ್ಣದಲ್ಲಿ ಪಾದ ಬರ್ಕಂಡು ಕಲ್ತಿದ್ದು."

"ನಿಂಗೆ ಇದು ಯಾವಾಗಿಂದ ಗೊತ್ತು?"

"ಎರಡು ವರ್ಷ ಆಯ್ತು ಸರ್."

"ಹಂಗಾದ್ರೆ ನಿನ್ನೆ ಬಾಯಿ ಬಿಡಕ್ಕೆ ಎಂತ ಆಗಿತ್ತು ನಿಂಗೆ?" ನನ್ನ ದನಿ ಜೋರಾಯಿತು. ಸಿಟ್ಟು ಅವಳ ಮೇಲಲ್ಲ, ಆದರೂ ಅವಳ ಮೇಲೆಯೇ ಬಿತ್ತು.

"ನೀವು ಮೇಷ್ಟ್ರಲ್ದಾ ಸರ್. ನಾಕು ಜನರ ಎದುರು ನಿಮಗೆ ತಪ್ಪು ಅಂತ ಹೆಂಗೆ ಹೇಳೋದು? ನಿಮ್ಮ ನೋಟ್ಸಲ್ಲೂ ಹಂಗೇ ಇದೆ."

ಕಡಹಿನಬೈಲಿನವನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ. "ನಂಗೂ ಯಾರೋ ಹೇಳಿದ್ರು ಮಾರಾಯ" ಎಂದ. "ನೀನು ಹಂಗೆ ಊದ್ತಿಯಲ್ಲ, ನಾನೂ ಹಂಗೇ ಊದ್ಕಂಡು ಬಂದೆ."

ಅಯ್ಯೋ ಶಿವನೇ! ಇಡೀ ಮೈದಾನದಲ್ಲಿ ಗೊತ್ತಿಲ್ಲದವನು ನಾನೊಬ್ಬನೇ. ನನಗೆ ಯಾರೂ ಹೇಳಲಿಲ್ಲ ಎಂದು ದೂರುವುದಕ್ಕೂ ಬಾಯಿರಲಿಲ್ಲ. ಹೊಸ ಪುಸ್ತಕ ತೆಗೆದು ನೋಡದೆ ಎಷ್ಟು ವರ್ಷವಾಗಿತ್ತೋ! ಎಲ್ಲರೂ ಹೋಗುವವರೆಗೆ ಹಾಳೆಗಳನ್ನು ಜೋಡಿಸುವ ಹಾಗೆ ಮಾಡುತ್ತಾ ಅಲ್ಲೇ ಕೂತೆ.

"ಸುಮ್ನಿರು ಮಾರಾಯ" ಎಂದ ಕಡಹಿನಬೈಲಿನವನು, ಬಸ್ ಸ್ಟ್ಯಾಂಡಿಗೆ ನಡೆಯುವಾಗ. "ಪಟ್ಟಿ ಓದಿಯಾಗಿದೆ. ಈಗ ತಪ್ಪು ಅಂದ್ರೆ ಒಬ್ಬೊಬ್ರೂ ನಮ್ಮ ಹುಡುಗಿಗೂ ಹಂಗೇ ಊದಿದ್ರಿ ಅಂತ ಹಿಂದಿನ ವರ್ಷದ್ದೆಲ್ಲ ಕೆದಕ್ತಾರೆ. ಇನ್ನೆರಡು ವರ್ಷ ಸರ್ವಿಸು, ಮರ್ಯಾದೆಯಾಗಿ ಕಳೆ."

ಅವನು ಹೇಳಿದ್ದು ಸುಳ್ಳಲ್ಲ. ಎಷ್ಟು ವರ್ಷದಿಂದ, ಎಷ್ಟು ಹುಡುಗಿಯರಿಗೆ ಊದಿದ್ದೆನೋ, ಲೆಕ್ಕ ಹಾಕಲು ಧೈರ್ಯ ಬರಲಿಲ್ಲ. ಸುಮ್ಮನಿದ್ದುಬಿಡೋಣ ಎಂದು ಮನೆ ಮುಟ್ಟುವವರೆಗೂ ಅಂದುಕೊಂಡೆ. ದಣಿದವನಿಗೆ ಸುಮ್ಮನಿರುವುದಕ್ಕಿಂತ ಸುಲಭದ ಕೆಲಸ ಬೇರೆ ಯಾವುದಿದೆ? ಆದರೆ ಬೆಳಿಗ್ಗೆ ಸ್ನಾನ ಮಾಡುವಾಗ ಆ ಹುಡುಗಿ ಶೂ ಲೇಸ್ ಬಿಚ್ಚಿ ಕಟ್ಟಿದ್ದು ನೆನಪಾಯಿತು. ಹಳೆಯ ಟ್ರಂಕಿನಿಂದ ಮೂಲ ನೋಟ್ಸು ತೆಗೆದು ಚೀಲಕ್ಕೆ ಹಾಕಿಕೊಂಡೆ.

ಆಯ್ಕೆಗಾರರು ಒಂಬತ್ತಕ್ಕೆ ಬಂದರು. ಜಿಲ್ಲೆಗೆ ಆಡಿದ್ದವರು, ನನಗಿಂತ ಚಿಕ್ಕವರು, ಮಾತು ಕಡಿಮೆ. ಅವರೆದುರು ಎಲ್ಲ ಶಾಲೆಯವರನ್ನೂ ಕರೆದೆ. ಟ್ರಾವೆಲಿಂಗಿನ ಪುಟ ತೆಗೆದು, ಇದು ತಪ್ಪು, ನಾನು ಐದು ಸಲ ಊದಿದ್ದೂ ತಪ್ಪು, ಬೇಗಾರಿನ ಹುಡುಗಿಗೆ ಅನ್ಯಾಯವಾಗಿದೆ ಎಂದೆ. ಪೆನ್ನಿನಲ್ಲಿ ಆ ಪುಟಕ್ಕೆ ಅಡ್ಡ ಗೀಟು ಹೊಡೆದು ಪಕ್ಕದಲ್ಲಿ ಹೊಸ ನಿಯಮ ಬರೆದೆ. ಹಿರೇಕೊಡಿಗೆಯ ಹುಡುಗಿಯ ಮೇಷ್ಟ್ರು, "ಹಂಗಾರೆ ನಮ್ಮ ಹುಡುಗಿ ಅವಳನ್ನ ತಡೆದ್ಲು ಅಂತ ಕೊಟ್ಟ ಮಾರ್ಕು? ಅದನ್ನೂ ಕಳೀತೀರಾ?" ಎಂದರು. ನ್ಯಾಯದ ಪ್ರಶ್ನೆ.

ಆಯ್ಕೆಗಾರರು ನನ್ನ ಕೈಯಲ್ಲಿ ಅದೆಲ್ಲ ಒಂದು ಹಾಳೆಯಲ್ಲಿ ಬರೆಸಿ ಸಹಿ ಮಾಡಿಸಿಕೊಂಡರು. ಆಮೇಲೆ ಹೇಳಿದರು: "ಹಾಳೆ ನೋಡಿ ಯಾರನ್ನೂ ತೆಗೆಯಲ್ಲ ಮೇಷ್ಟ್ರೇ. ಅವಳನ್ನ ಎರಡು ಕ್ವಾರ್ಟರ್ ಆಡಿಸಿ, ಕಣ್ಣಾರೆ ನೋಡ್ತೀನಿ. ಆಟ ಇದ್ರೆ ಪಟ್ಟಿ ಬದಲಾಯಿಸೋಣ."

ಹುಡುಗಿಯನ್ನು ಕರೆದೆ. ಟೀಚರು ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು.

"ಕೂಸೆ, ನಾನು ಊದಿದ್ದು ತಪ್ಪು. ನಿಂದು ಸರಿ ಇತ್ತು. ಇವತ್ತು ನಿನ್ನ ಆಟ ಆಡು, ನಾನು ಊದಲ್ಲ."

"ಆಯ್ತು ಸರ್" ಎಂದಳು.

ಆಟಕ್ಕೆ ಮೊದಲು ಖಾಲಿ ರಿಂಗಿನಲ್ಲಿ ಟೀಚರು ಅವಳಿಂದ ಐದಾರು ಸಲ ಆ ಹೆಜ್ಜೆ ಹಾಕಿಸಿದಳು. ಏನು ಚೆಂದ ಹಾಕಿದಳು ಅಂತೀರಿ! ಆಯ್ಕೆಗಾರರೂ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡಿದರು. ನನಗೂ ಜೀವ ಬಂದಂತಾಯಿತು. ಆಗಿಯೇ ಹೋಯಿತು ಎಂದುಕೊಂಡೆ.

ಮೊದಲ ಕ್ವಾರ್ಟರಿನ ಹತ್ತು ನಿಮಿಷದಲ್ಲಿ ಅವಳಿಗೆ ಬಾಲು ಸರಿಯಾಗಿ ಬರಲಿಲ್ಲ. ಹಿಂದಿನ ದಿನ ಪಟ್ಟಿಯಲ್ಲಿ ಹೆಸರು ಬಂದವರು ತಮ್ಮ ಜಾಗ ಕಸಿಯಲು ಬಂದವಳಿಗೆ ಯಾಕೆ ಪಾಸ್ ಕೊಡುತ್ತಾರೆ? ಆದರೂ ದೂರದಿಂದ ಒಂದು ಹಾಕಿದಳು, ಒಂದು ಒಳ್ಳೆಯ ಪಾಸ್ ಕೊಟ್ಟಳು. ಎರಡನೇ ಕ್ವಾರ್ಟರು ಮುಗಿಯಲು ಸ್ವಲ್ಪ ಹೊತ್ತಿರುವಾಗ ಎದುರಿನವರ ಕೈಯಿಂದ ಬಾಲು ತಾನೇ ಕಸಿದುಕೊಂಡು ಓಡಿದಳು. ಮುಂದೆ ಒಬ್ಬಳೇ ಇದ್ದಳು, ಹಿರೇಕೊಡಿಗೆಯವಳು. ಅದೇ ಜಾಗ, ಅದೇ ಇಬ್ಬರು. ನಾನು ಮಂಡಿ ಎಳೆದುಕೊಂಡು ಪಕ್ಕದಲ್ಲೇ ಓಡುತ್ತಿದ್ದೆ. ಎಡಗಾಲು ನೆಲದಲ್ಲಿರುವಾಗ ಬಾಲು ಕೈಗೆ ಬಂತು. ಬಲಕ್ಕೆ ಉದ್ದ ಹೆಜ್ಜೆ. ಹಿರೇಕೊಡಿಗೆಯವಳು ಪೂರ್ತಿ ಆ ಕಡೆ ವಾಲಿದಳು. ರಿಂಗು ಖಾಲಿ. ಎಡಗಾಲು ಇಟ್ಟಳು.

ಅಲ್ಲಿ ನಿಂತುಬಿಟ್ಟಳು. ನೆಗೆಯಲಿಲ್ಲ. ನನ್ನ ಕಡೆ ತಿರುಗಿ, ತಪ್ಪು ಮಾಡಿದವರು ರೆಫರಿಗೆ ಬಾಲು ಒಪ್ಪಿಸುತ್ತಾರಲ್ಲ, ಹಾಗೆ ಎರಡೂ ಕೈಯಲ್ಲಿ ಬಾಲು ಚಾಚಿದಳು.

ಸೀಟಿ ನನ್ನ ಬಾಯಲ್ಲಿತ್ತು. ಊದುವ ಹಾಗಿಲ್ಲ, ಆಟ ನಡೆಯುತ್ತಿದೆ. ರೆಫರಿ ಬಾಯಿ ಬಿಟ್ಟು "ಹಾಕು" ಎನ್ನುವ ಹಾಗೂ ಇಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ಅವಳ ಮುಖ ನೋಡಿದೆ. ಅಷ್ಟರಲ್ಲಿ ಹಿರೇಕೊಡಿಗೆಯವಳು ಚಾಚಿದ ಕೈಯಿಂದ ಬಾಲು ತಗೊಂಡು ಓಡಿದಳು. ಆ ಕಡೆಯ ರಿಂಗಿನಲ್ಲಿ ಪಾಯಿಂಟು ಬಿತ್ತು. ಯಾರೋ ಜೋರಾಗಿ ನಕ್ಕರು.

ಕ್ವಾರ್ಟರು ಮುಗಿದ ಮೇಲೆ ಆಯ್ಕೆಗಾರರು ಹಳೆಯ ಪಟ್ಟಿಗೇ ಸಹಿ ಹಾಕಿದರು. "ಆಟ ಇದೆ ಮೇಷ್ಟ್ರೇ, ಧೈರ್ಯ ಇಲ್ಲ" ಎಂದರು.

"ಧೈರ್ಯ ಇತ್ತು ಸರ್. ನಾನು ತೆಗೆದೆ."

ಅವರು ಪೆನ್ನು ಜೇಬಿಗಿಟ್ಟುಕೊಂಡು, "ಏನು ಮಾಡೋದು ಹೇಳಿ" ಎಂದರು. ಅವರದ್ದೂ ತಪ್ಪಲ್ಲ.

ಹುಡುಗಿ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ಅಳುತ್ತಿದ್ದಳೋ ಇಲ್ಲವೋ, ನೀರಿನಲ್ಲಿ ಗೊತ್ತಾಗಲಿಲ್ಲ. ಪಕ್ಕಕ್ಕೆ ಹೋಗಿ ನಿಂತೆ. ಕೇಳಬಾರದ್ದನ್ನೇ ಕೇಳಿದೆ.

"ಊದಲ್ಲ ಅಂತ ಹೇಳಿದ್ನಲ್ಲ ಕೂಸೆ?"

ನಲ್ಲಿ ನಿಲ್ಲಿಸಿ, ಆಟದ ಅಂಗಿಯ ತುದಿಯಲ್ಲಿ ಮುಖ ಒರೆಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಿದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಕಿವಿಗೆ ಕೇಳಿತ್ತು ಸರ್" ಎಂದಳು. "ಕಾಲಿಗೆ ಕೇಳ್ಲಿಲ್ಲ."